ದಾಕ್ಷಿಣ್ಯದ ಲೆಕ್ಕ

ಬೆಂಗಳೂರಿನ ಬಸವನಗುಡಿಯ ಒಂದು ಮನೆ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ಜೂನ್ ತಿಂಗಳ ವಾರದಲ್ಲಿ, ಮನೆಯಾಕೆ ಗಂಡನ ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾಲ್ಕು ವರ್ಷಗಳಲ್ಲಿ ಆಕೆ ಅದನ್ನು ತೆರೆದುದು ಅದೇ ಮೊದಲು.

ಗಂಡ ಖಾಸಗಿ ಸಂಸ್ಥೆಯೊಂದರ ನೌಕರಿಯನ್ನು ಬಿಟ್ಟು, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುವ ಸ್ವತಂತ್ರ ವೃತ್ತಿಯನ್ನು ಹಿಡಿದವನು. ಕೆಲಸಕ್ಕೆ ಬರವಿರಲಿಲ್ಲ. ಬ್ಯಾಂಕಿನ ಕರಪತ್ರ, ಆಸ್ಪತ್ರೆಯ ಸಮ್ಮತಿಪತ್ರ, ನೀರೆತ್ತುವ ಪಂಪಿನ ಕೈಪಿಡಿ, ಮಕ್ಕಳ ಪಾಠ, ಹೀಗೆ ಒಂದಲ್ಲ ಒಂದು ಬರುತ್ತಲೇ ಇತ್ತು. ಮೇಜಿನ ದೀಪ ರಾತ್ರಿ ಹನ್ನೊಂದರವರೆಗೂ ಉರಿಯುತ್ತಲೇ ಇತ್ತು. ಪುಸ್ತಕದಲ್ಲಿ ಆಕೆಗೆ ಕಂಡದ್ದು ಬೇರೆ. ಹನ್ನೊಂದು ಮಂದಿಯಿಂದ ಬರಬೇಕಾದ ಬಾಕಿ 1,86,000 ರೂಪಾಯಿ. ಅದರಲ್ಲಿ ಅತ್ಯಂತ ಹಳೆಯದು 42,000, ಎರಡು ವರ್ಷ ಎಂಟು ತಿಂಗಳಷ್ಟು ಹಿಂದಿನದು. ಕೊಡಬೇಕಾದವರು ಆತನ ಹಿಂದಿನ ಮೇಲಧಿಕಾರಿ.

“ಇವರನ್ನು ಕೇಳಿದಿರಾ?”

“ಅವರನ್ನು ಕೇಳುವುದು ಹೇಗೆ? ದೊಡ್ಡ ಮನುಷ್ಯರು. ಅವರಾಗಿಯೇ ಕೊಡುತ್ತಾರೆ.”

“ಎರಡು ವರ್ಷ ಎಂಟು ತಿಂಗಳಿನಿಂದಲೂ ದೊಡ್ಡ ಮನುಷ್ಯರಾಗಿಯೇ ಇದ್ದಾರಲ್ಲ!”

ಆ ವಾರ ಶುಲ್ಕವನ್ನು ಕಟ್ಟಿದ್ದು ಆಕೆಯ ಚೀಟಿಯ ಹಣದಿಂದ.

ನೌಕರಿಯ ಹಂಗಿಲ್ಲದೆ ಬಾಳುವ ಆಸೆ ಇಂದು ಅನೇಕ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿದೆ. ಚಿತ್ರ ಬರೆಯುವವರು, ಲೆಕ್ಕ ನೋಡುವವರು, ಕರಡು ತಿದ್ದುವವರು, ಮನೆಯಲ್ಲಿಯೇ ಕುಳಿತು ದೂರದ ಊರಿನವರಿಗೆ ಕಂಪ್ಯೂಟರಿನ ಕೆಲಸ ಮಾಡಿಕೊಡುವವರು ಎಲ್ಲರೂ ಈ ದಾರಿ ಹಿಡಿದವರೇ. ಇವರಲ್ಲಿ ಸೋತು ಹಿಂದಿರುಗಿದವರ ಕಥೆಯನ್ನು ಸ್ವಲ್ಪ ಕೆದಕಿ ನೋಡಿದರೆ, ವಿದ್ಯೆ ಸಾಲದೆ ಸೋತವರು ಅಪರೂಪ. ಹೆಚ್ಚಿನವರನ್ನು ಸೋಲಿಸಿದ್ದು ದಾಕ್ಷಿಣ್ಯ. ಹಣದ ಮಾತನ್ನು ಎಲ್ಲಕ್ಕಿಂತ ಕೊನೆಗೆ, ಅದೂ ತಲೆ ತುರಿಸಿಕೊಳ್ಳುತ್ತಾ ಎತ್ತುವುದು ನಮ್ಮ ಮನೆಗಳಲ್ಲಿ ಸಭ್ಯತೆಯ ಲಕ್ಷಣ. ನೆಂಟರ ನಡುವೆ ಅದು ಶೋಭಿಸಬಹುದು. ಆದರೆ ತಿಂಗಳ ಮೊದಲನೆಯ ತಾರೀಖಿನಂದು ಸಂಬಳ ಕೊಡುವ ಯಜಮಾನನಿಲ್ಲದವನು ಈ ಸಭ್ಯತೆಯ ಬೆಲೆಯನ್ನು ತನ್ನ ಮಕ್ಕಳ ಶುಲ್ಕದಿಂದ ತೆರಬೇಕಾಗುತ್ತದೆ.

ದಾಕ್ಷಿಣ್ಯದ ಮೊದಲ ಪೆಟ್ಟು ಬೀಳುವುದು ದರದ ಮೇಲೆ. “ಎಷ್ಟಾಗುತ್ತದೆ?” ಎಂದು ಕೇಳಿದೊಡನೆ, ಕೇಳಿದವರ ಮುಖ ಬಾಡದಿರಲೆಂದು ಬಾಯಿಗೆ ಬಂದ ಸಣ್ಣ ಸಂಖ್ಯೆಯೊಂದನ್ನು ಹೇಳಿಬಿಡುವುದು. ಬಸವನಗುಡಿಯ ಅನುವಾದಕನು ಪದಕ್ಕೆ ಒಂದು ರೂಪಾಯಿ ಎಂದು ಹೇಳುತ್ತಾ ಬಂದಿದ್ದನು. ಏಕೆ ಒಂದು ರೂಪಾಯಿ ಎಂಬುದನ್ನು ಆತ ಎಂದೂ ಲೆಕ್ಕ ಹಾಕಿರಲಿಲ್ಲ. ಆ ರಾತ್ರಿ ಗಂಡಹೆಂಡಿರಿಬ್ಬರೂ ಕುಳಿತು ಹಾಕಿದರು. ಆತನು ಮನೆಯ ಖರ್ಚಿಗೆ ಕೊಡಬೇಕಾದುದು ತಿಂಗಳಿಗೆ 45,000. ಕಂಪ್ಯೂಟರು, ಇಂಟರ್ನೆಟ್ಟು, ಆರೋಗ್ಯ ವಿಮೆ, ತೆರಿಗೆ ಮತ್ತು ಮುಪ್ಪಿನ ಉಳಿತಾಯಕ್ಕೆ 15,000. ಒಟ್ಟು 60,000. ಇನ್ನು ದಿನಗಳು. ತಿಂಗಳಿನಲ್ಲಿ ಕೆಲಸದ ದಿನ ಇಪ್ಪತ್ತೈದಾದರೂ, ಹೊಸ ಕೆಲಸ ಹುಡುಕುವುದು, ಮಾದರಿ ಮಾಡಿ ತೋರಿಸುವುದು, ಪತ್ರವ್ಯವಹಾರ, ಬಿಲ್ಲು, ಬಾಕಿಯ ಬೆನ್ನು ಹತ್ತುವುದು, ಇವುಗಳಲ್ಲಿ ಹತ್ತು ದಿನ ಕರಗಿಹೋಗುತ್ತದೆ. ಈ ಹತ್ತು ದಿನಕ್ಕೆ ಯಾರೂ ಕಾಸು ಕೊಡುವುದಿಲ್ಲ. ಉಳಿದ ಹದಿನೈದು ದಿನಗಳಲ್ಲಿ ದಿನಕ್ಕೆ ಎರಡು ಸಾವಿರ ಪದದಂತೆ ಮೂವತ್ತು ಸಾವಿರ ಪದ. ಅರವತ್ತು ಸಾವಿರವನ್ನು ಮೂವತ್ತು ಸಾವಿರದಿಂದ ಭಾಗಿಸಿದರೆ ಪದಕ್ಕೆ ಎರಡು ರೂಪಾಯಿ. ನಾಲ್ಕು ವರ್ಷ ಆತ ತನ್ನ ದುಡಿಮೆಯನ್ನು ಅರ್ಧ ಬೆಲೆಗೆ ಮಾರಿದ್ದನು. ಕೊರತೆಯನ್ನು ರಾತ್ರಿಯ ನಿದ್ರೆಯಿಂದಲೂ ಹೆಂಡತಿಯ ಸಂಬಳದಿಂದಲೂ ತುಂಬಿಸಿದ್ದನು.

ಈ ಲೆಕ್ಕವನ್ನು ಯಾವ ಕಸುಬಿನವರಾದರೂ ತಮ್ಮ ತಮ್ಮ ಅಂಕಿಗಳಿಂದ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು. ಸಂಬಳವನ್ನು ಮೂವತ್ತರಿಂದ ಭಾಗಿಸಿ ದಿನಗೂಲಿಯನ್ನು ಗೊತ್ತುಮಾಡುವವರು ಆ ಕಾಸಿಲ್ಲದ ಹತ್ತು ದಿನಗಳನ್ನು ಮರೆಯುತ್ತಾರೆ, ಅಷ್ಟೆ.

ಈಚಿನ ವರ್ಷಗಳಲ್ಲಿ ಅನುವಾದಕರಿಗೆ ಮತ್ತೊಂದು ಇಕ್ಕಟ್ಟು ಒದಗಿದೆ. “ಯಂತ್ರವೇ ಅನುವಾದ ಮಾಡಿದೆ, ನೀವು ಸುಮ್ಮನೆ ಒಂದು ಸಲ ಕಣ್ಣಾಡಿಸಿಕೊಡಿ” ಎಂದು ನಾಲ್ಕಾಣೆಯ ಬೆಲೆಗೆ ಹದಿನಾರಾಣೆಯ ಹೊಣೆಯನ್ನು ಹೊರಿಸುವವರು ಹೆಚ್ಚುತ್ತಿದ್ದಾರೆ. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವುದಕ್ಕೂ, ಗಾಯದಿಂದ ಕೀವು ಸೋರುವುದಕ್ಕೂ ಇಂಗ್ಲಿಷಿನಲ್ಲಿ ಡಿಸ್ಚಾರ್ಜ್ ಎಂಬ ಒಂದೇ ಮಾತಿದೆ. ಯಂತ್ರವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದಾಗ ಅದನ್ನು ಹಿಡಿಯಬೇಕಾದ ಕಣ್ಣು ಸುಮ್ಮನೆ ಆಡುವ ಕಣ್ಣಲ್ಲ. ಇಂತಹ ಕೆಲಸಕ್ಕೆ ಪದದ ದರವನ್ನು ಒಪ್ಪದೆ, ಎರಡು ಪುಟವನ್ನು ಮಾದರಿಗೆ ತಿದ್ದಿ ನೋಡಿ, ಹಿಡಿದ ಹೊತ್ತನ್ನು ಕಂಡುಕೊಂಡು ಗಂಟೆಯ ಲೆಕ್ಕದಲ್ಲಿ ದರ ಹೇಳುವುದು ಲೇಸು. ಎಷ್ಟೋ ವೇಳೆ ಹೊಸದಾಗಿ ಬರೆಯುವುದೇ ಅಗ್ಗವೆಂದು ಗಿರಾಕಿಗೂ ಆಗ ತಿಳಿಯುತ್ತದೆ.

ದರ ಕುದುರಿದ ಮೇಲೆ ಬರೆವಣಿಗೆ. ನಂಬಿಕೆಯವರ ನಡುವೆ ಕಾಗದವೇಕೆ ಎನ್ನುವುದುಂಟು. ನಂಬಿಕೆ ಕೆಡದಿರಲಿ ಎಂದೇ ಕಾಗದ. ಛಾಪಾಕಾಗದವೂ ವಕೀಲರೂ ಬೇಕಾಗಿಲ್ಲ. ಒಂದು ಇಮೇಲ್ ಸಾಕು. ಯಾವ ಕೆಲಸ, ಎಷ್ಟು ಪದ, ಯಾವ ತಾರೀಖಿಗೆ, ದರವೇನು, ಮುಂಗಡವೆಷ್ಟು, ಎಷ್ಟು ಸಲ ತಿದ್ದಿಕೊಡುವುದು ಈ ದರದಲ್ಲಿ ಸೇರಿದೆ, ಉಳಿದ ಹಣ ಎಷ್ಟು ದಿನದೊಳಗೆ ಎಂಬುದನ್ನು ಹತ್ತು ಸಾಲಿನಲ್ಲಿ ಬರೆದು, “ಒಪ್ಪಿಗೆ” ಎಂದು ಆ ಕಡೆಯಿಂದ ಉತ್ತರ ಬಂದ ಮೇಲೆ ಕೆಲಸಕ್ಕೆ ಕೈಹಾಕಬೇಕು. ಪಂಪಿನ ಕೈಪಿಡಿಯ ಕೆಲಸದಲ್ಲಿ ನಮ್ಮ ಅನುವಾದಕನಿಗೆ ಆದುದನ್ನು ಕೇಳಿದರೆ ಇದರ ಬೆಲೆ ತಿಳಿಯುತ್ತದೆ. ಆತ ಅರ್ಧ ಮುಗಿಸುವಷ್ಟರಲ್ಲಿ ಮೂಲವೇ ಬದಲಾಯಿತು. ಹೊಸ ಮಾದರಿಯ ಪಂಪು ಬಂದಿತ್ತು. ಮುಗಿಸಿ ಕಳುಹಿಸಿದ ಮೇಲೆ ಮತ್ತೆ ಬದಲಾಯಿತು. ಮೂರು ಸಲ ಮಾಡಿದ ಕೆಲಸಕ್ಕೆ ಒಂದು ಸಲದ ಹಣ ಬಂದಿತು. ಕೊಟ್ಟವರದು ತಪ್ಪೆನ್ನುವಂತಿಲ್ಲ, ಬೇರೆ ಮಾತು ಎಲ್ಲಿಯೂ ಆಗಿರಲಿಲ್ಲವಷ್ಟೆ!

ಮೂರನೆಯ ಒಂದು ಪಾಲು ಮುಂಗಡ ಕೇಳುವುದರಲ್ಲಿ ಇನ್ನೊಂದು ಉಪಕಾರವಿದೆ. ಕೊಡುವ ಮನಸ್ಸಿಲ್ಲದವನು ಅಲ್ಲಿಯೇ ಬಯಲಾಗುತ್ತಾನೆ.

ಕನ್ನಡಿಗರು ಇಲ್ಲಿ ಗಳಗನಾಥರನ್ನು ನೆನೆಯಬೇಕು. 1869ರಿಂದ 1942ರವರೆಗೆ ಬಾಳಿದ ಆ ಹಿರಿಯರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ಕಣ್ಣೀರಿನೊಡನೆ ಹೇಳುವುದು ನಮಗೆ ರೂಢಿಯಾಗಿದೆ. ಕಣ್ಣೀರು ಸಲ್ಲತಕ್ಕದ್ದೇ. ಆದರೆ ತಾವು ಬರೆದುದಕ್ಕೆ ಬೆಲೆಯಿಟ್ಟು, ಅದನ್ನು ಅನ್ಯರ ಬಾಗಿಲಲ್ಲಿ ನಿಂತು ಕೇಳುವ ಎದೆಗಾರಿಕೆಯೂ ಆ ಗಂಟಿನಲ್ಲಿತ್ತೆಂಬುದನ್ನು ಹೇಳುವವರು ಕಡಮೆ.

ಕೇಳುವವನ ಬೆನ್ನಿಗೆ ಈಗ ಕಾನೂನೂ ಇದೆ; ಇದನ್ನು ಅರಿತವರು ವಿರಳ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮನೆಯ ಕೋಣೆಯಲ್ಲಿ ಕುಳಿತು ಸೇವೆ ಸಲ್ಲಿಸುವ ಒಬ್ಬಂಟಿಗನೂ ಸೂಕ್ಷ್ಮ ಉದ್ಯಮವಾಗಿ ಹೆಸರು ನೋಂದಾಯಿಸಿಕೊಳ್ಳಬಹುದು. 2020ರ ಜುಲೈ 1ರಿಂದ ಇದಕ್ಕೆ ಉದ್ಯಮ್ ನೋಂದಣಿ ಎಂದು ಹೆಸರು. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳಿದ್ದರೆ ಸರ್ಕಾರದ ಜಾಲತಾಣದಲ್ಲಿ ಶುಲ್ಕವಿಲ್ಲದೆ ಮಾಡಿಕೊಳ್ಳಬಹುದಾದ ಈ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುವ ದಲ್ಲಾಳಿಗಳನ್ನು ದೂರವಿಡಬೇಕು. ಹೀಗೆ ನೋಂದಾಯಿತನಾದವನ ಹಣವನ್ನು, ಬರೆದ ಒಪ್ಪಂದವಿದ್ದರೆ ಆ ಗಡುವಿನೊಳಗೆ, ಆದರೆ ಎಷ್ಟೇ ಆದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಗಿರಾಕಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ, ತಿಂಗಳು ತಿಂಗಳಿಗೂ ಚಕ್ರಬಡ್ಡಿ. ಕೊಡದವರ ಮೇಲೆ ರಾಜ್ಯದ ಸೌಲಭ್ಯ ಮಂಡಲಿಗೆ ದೂರು ಸಲ್ಲಿಸಬಹುದು. 2024ರ ಏಪ್ರಿಲಿನಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮವೊಂದು ಇನ್ನೂ ಬಿಗಿಯಾದುದು: ಗಡುವು ಮೀರಿ ಉಳಿಸಿಕೊಂಡ ಹಣವನ್ನು, ಅದನ್ನು ನಿಜವಾಗಿ ಕೊಟ್ಟ ವರ್ಷದವರೆಗೂ ಗಿರಾಕಿಯು ತನ್ನ ಖರ್ಚೆಂದು ತೋರಿಸಿ ತೆರಿಗೆ ಕಡಮೆ ಮಾಡಿಕೊಳ್ಳುವಂತಿಲ್ಲ. ಬಿಲ್ಲಿನ ಮೇಲ್ಭಾಗದಲ್ಲಿ ನೋಂದಣಿ ಸಂಖ್ಯೆಯನ್ನು ಅಚ್ಚುಮಾಡಿದರೆ, ಗಿರಾಕಿಯ ಲೆಕ್ಕಿಗನೇ ಹಣ ಕಳುಹಿಸಲು ಅವಸರಪಡಿಸುವುದುಂಟು. ನೋಂದಣಿಯನ್ನು ಕೆಲಸಕ್ಕೆ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ಜಗಳ ಬಂದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ಒದಗುವುದು ಕಷ್ಟ.

ಬರೆಯುವವರೂ ಚಿತ್ರಕಾರರೂ 1957ರ ಕೃತಿಸ್ವಾಮ್ಯ ಕಾಯಿದೆಯ ಒಂದು ಅಂಶವನ್ನು ನೆನಪಿಡತಕ್ಕದ್ದು. ಹಕ್ಕನ್ನು ಬಾಯಿಮಾತಿನಲ್ಲಿ ಕೊಟ್ಟರೆ ಅದು ವರ್ಗವಾಗುವುದಿಲ್ಲ, ಬರೆವಣಿಗೆಯಲ್ಲಿಯೇ ಆಗಬೇಕು; ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೇ ಅರ್ಥ.

ತೆರಿಗೆಯ ವಿಷಯ ಶುಷ್ಕವಾದುದರಿಂದ ಎರಡೇ ಮಾತು. ಸಂಸ್ಥೆಗಳು ವೃತ್ತಿಯ ಸಂಭಾವನೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಂತೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತವೆ. ಅದು ಕಳೆದುಹೋದ ಹಣವಲ್ಲ, ವರ್ಷದ ವಿವರಪತ್ರ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.

ಇಷ್ಟೆಲ್ಲ ಆದರೂ, ಮನೆಯವರ ನೆರವಿಲ್ಲದೆ ಈ ಬಂಡಿ ಸಾಗದು. ಹಗಲು ಹೊತ್ತು ಮನೆಯಲ್ಲಿರುವ ಗಂಡಸನ್ನು ಕಂಡರೆ ನಮ್ಮ ಹಿರಿಯರಿಗೆ ಕೆಲಸವಿಲ್ಲದವನಂತೆಯೇ ಕಾಣುತ್ತದೆ. “ಹೇಗೂ ಮನೆಯಲ್ಲೇ ಇದ್ದೀಯಲ್ಲಪ್ಪ, ಗ್ಯಾಸಿನವನು ಬಂದರೆ ನೋಡಿಕೋ” ಎಂದು ತಾಯಿ ಹೇಳಿದರೆ ಒಲ್ಲೆನೆನ್ನಲು ಯಾವ ಮಗನಿಗೆ ಬಾಯಿ ಬಂದೀತು? ಸೋದರಮಾವನ ಮಗನ ಪ್ರಬಂಧದ ಸಾರಾಂಶ, ಪಕ್ಕದ ಮನೆಯವರ ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಎಲ್ಲವೂ “ನೀವೇನು ಹೊರಗಿನವರೇ?” ಎಂಬ ಒಂದೇ ಮಾತಿನ ಬಲದಿಂದ ಮೇಜಿನ ಮೇಲೆ ಬಂದು ಕೂರುತ್ತವೆ. ಇವರೊಡನೆ ಜಗಳವಾಡಬೇಕಾಗಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೋಣೆಯ ಬಾಗಿಲು ಮುಚ್ಚಿರುವುದೆಂದು ಮನೆಯಲ್ಲಿ ಒಮ್ಮೆ ಗೊತ್ತಾದರೆ ಅರ್ಧ ತೊಂದರೆ ತಾನೇ ನೀಗುತ್ತದೆ. ನೆಂಟರ ಕೆಲಸವನ್ನು ಮಾಡಿಕೊಡುವುದಾದರೆ ಉಡುಗೊರೆಯೆಂದು ಬಾಯಿಬಿಟ್ಟು ಹೇಳಿ ಮಾಡಿಕೊಡಬಹುದು, ವರ್ಷಕ್ಕೆ ಎರಡೋ ಮೂರೋ. ಉಡುಗೊರೆಗೆ ಬಾಕಿಯ ಪುಟದಲ್ಲಿ ಜಾಗವಿಲ್ಲ.

ಬಾಕಿ ಕೇಳುವ ಕೆಲಸವನ್ನು ಬಸವನಗುಡಿಯ ಮನೆಯಲ್ಲಿ ಹೆಂಡತಿ ವಹಿಸಿಕೊಂಡಳು. ತಿಂಗಳ ಐದನೆಯ ತಾರೀಖಿನಂದು ಎಲ್ಲ ಬಾಕಿದಾರರಿಗೂ ಒಂದೇ ಬಗೆಯ ವಿನಯದ ಪತ್ರ: ಇಂತಹ ಬಿಲ್ಲು, ಇಂತಹ ತಾರೀಖು, ಇಷ್ಟು ಮೊತ್ತ, ದಯವಿಟ್ಟು ಈ ಖಾತೆಗೆ. ಬೈಗುಳವಿಲ್ಲ, ಕಷ್ಟದ ವರ್ಣನೆಯೂ ಇಲ್ಲ. ಕಷ್ಟ ಹೇಳಿಕೊಂಡ ಕೂಡಲೇ ಹಕ್ಕು ಭಿಕ್ಷೆಯಾಗಿಬಿಡುತ್ತದೆ ಎಂಬುದು ಆಕೆಯ ಮತ. ಹನ್ನೊಂದರಲ್ಲಿ ಆರು ಮಂದಿ ಮೊದಲ ಪತ್ರಕ್ಕೇ ಹಣ ಕಳುಹಿಸಿದರು. ಇಬ್ಬರಂತೂ ತಾವು ಮರೆತದ್ದಕ್ಕೆ ಕ್ಷಮೆ ಕೇಳಿದರು. ಇಷ್ಟು ದಿನ ಕೇಳದೆ ಇದ್ದುದಕ್ಕಾಗಿ ಗಂಡ ನಾಚಿದನು.

ಹಿಂದಿನ ಮೇಲಧಿಕಾರಿಯಿಂದ ಉತ್ತರವಿಲ್ಲ. ಅಲ್ಲಿ ಕಾಯಲು ಕಾಲವೂ ಇರಲಿಲ್ಲ. 1963ರ ಕಾಲಮಿತಿ ಕಾಯಿದೆಯಂತೆ, ಹಣಕ್ಕೆ ಗಡುವು ಗೊತ್ತಾಗದ ಕೆಲಸದ ಬಾಕಿಗೆ, ಕೆಲಸ ಮುಗಿದಂದಿನಿಂದ ಮೂರು ವರ್ಷ ಕಳೆದರೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಉಳಿದಿದ್ದುದು ನಾಲ್ಕು ತಿಂಗಳು. ಬಾಕಿಯನ್ನು ಒಪ್ಪಿ ಸಹಿಯೊಡನೆ ಬರೆದುಕೊಟ್ಟರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಕ್ಕುತ್ತದೆ. ಆದುದರಿಂದ ಎರಡನೆಯ ಪತ್ರದಲ್ಲಿ ಹಣವನ್ನಾದರೂ ಕಳುಹಿಸಬೇಕೆಂದೂ, ಇಲ್ಲವೆ ಬಾಕಿಯಿದೆಯೆಂದು ಎರಡು ಸಾಲು ಬರೆದು ಸಹಿಮಾಡಿ ಕಳುಹಿಸಬೇಕೆಂದೂ ಕೋರಲಾಯಿತು. ಆ ಪತ್ರವನ್ನು ಗಂಡನೇ ತನ್ನ ಕೈಯಾರೆ ಬರೆದನು. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು.

ಮೂರನೆಯ ದಿನ ಫೋನು ಬಂದಿತು.

“ನೀನು ಇಷ್ಟು ದೂರ ಹೋಗುತ್ತೀಯೆಂದು ನಾನು ಎಣಿಸಿರಲಿಲ್ಲ.”

“ಬಾಕಿ ಇರುವುದು ನಿಜ ತಾನೇ, ಸಾರ್?”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಹಣ ಆಗಸ್ಟಿನಲ್ಲಿ ಅರ್ಧ, ಸೆಪ್ಟೆಂಬರಿನಲ್ಲಿ ಅರ್ಧ ಬಂದಿತು. ಮನೆಯಾಕೆ ಆ ಸಾಲಿನ ಎದುರಿಗೆ “ಸಂದಿದೆ” ಎಂದು ಬರೆದು, ಚೀಟಿಯ ಹಣವನ್ನು ತುಂಬಿಸಿಕೊಂಡಳು. ಪ್ರತಿ ದೀಪಾವಳಿಗೂ ಅವರ ಮನೆಯಿಂದ ತಪ್ಪದೆ ಬರುತ್ತಿದ್ದ ಸಿಹಿಯ ಪೊಟ್ಟಣ ಆ ವರ್ಷ ಬರಲಿಲ್ಲ.