ಮನಸ್ಸು ಬರಲೆಂದು ಕಾಯುವುದು

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಓಣಿಯ ಮಂದಿಯೆಲ್ಲ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಮನಸ್ಸು ಕುಗ್ಗಿದವರನ್ನು ಹಾಗೆ ವಿಚಾರಿಸುವವರು ವಿರಳ. ವಿಚಾರಿಸಿದರೂ ಬಾಯಿಂದ ಹೊರಡುವುದು ಉಪದೇಶವೇ. ಈ ತಪ್ಪನ್ನು ನಾವೂ ಮಾಡಿದ್ದೇವೆ.

ನಮ್ಮ ಅಕ್ಕನವರು ಪತಿಯನ್ನು ಕಳೆದುಕೊಂಡು ಎಂಟು ತಿಂಗಳಾಗಿದ್ದವು. ಅವರು ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟರು, ಬೀಗರ ಮನೆಯ ಮದುವೆಗೆ ಹೋಗಲಿಲ್ಲ. ಸೊಸೆಯಂದಿರು ಬಹಳ ಒಳ್ಳೆಯವರು. ಅತ್ತೆಗೆ ಆಯಾಸವಾಗಬಾರದೆಂದು ರೊಟ್ಟಿ ಬಡಿಯುವುದರಿಂದ ಹಿಡಿದು ಕಾಳು ಹಸನು ಮಾಡುವವರೆಗೆ ಎಲ್ಲ ಕೆಲಸವನ್ನೂ ಅವರ ಕೈಯಿಂದ ತೆಗೆದುಕೊಂಡಿದ್ದರು. ನಾವು ಹೋದಾಗಲೆಲ್ಲ ‘ಧೈರ್ಯ ತಂದುಕೊಳ್ಳಿ, ನಾಲ್ಕು ಮಂದಿಯಲ್ಲಿ ಬೆರೆಯಿರಿ’ ಎಂದು ಹೇಳಿ ಬರುತ್ತಿದ್ದೆವು. ಅಕ್ಕನವರದು ಒಂದೇ ಉತ್ತರ: “ಯಾತಕ್ಕೂ ಮನಸ್ಸಽ ಇಲ್ಲೋ ತಮ್ಮಾ. ಮನಸ್ಸು ಬಂದ ಮ್ಯಾಲೆ ನೋಡೂಣು.”

ಮನಸ್ಸು ಮೊದಲು, ಕೆಲಸ ಆಮೇಲೆ ಎಂಬ ಈ ನಂಬಿಕೆ ನಮ್ಮೆಲ್ಲರದೂ ಹೌದು. ಆದರೆ ಖಿನ್ನತೆಯಲ್ಲಿ ಈ ಕ್ರಮ ತಿರುಗುಮುರುಗಾಗಬೇಕೆಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಅಮೆರಿಕದ ಪೀಟರ್ ಲೆವಿನ್‌ಸನ್ ಎಂಬವರು 1970ರ ದಶಕದಲ್ಲಿಯೇ ಇದನ್ನು ವಿವರಿಸಿದರು: ಸಂತೋಷ ಕೊಡುತ್ತಿದ್ದ ಚಟುವಟಿಕೆಗಳು ನಿಂತಂತೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದಂತೆ ಉಳಿದ ಚಟುವಟಿಕೆಗಳೂ ನಿಲ್ಲುತ್ತವೆ. ಗಾಣದ ಎತ್ತಿನಂತೆ ಸುತ್ತುವ ಈ ಸುತ್ತನ್ನು ಕೆಲಸದ ಕಡೆಯಿಂದ ಮುರಿಯುವುದು ಸುಲಭ, ಏಕೆಂದರೆ ಕೈ ನಮ್ಮ ಮಾತು ಕೇಳುತ್ತದೆ, ಮನಸ್ಸು ಕೇಳುವುದಿಲ್ಲ.

ಇದು ನಮ್ಮ ನೆರೆಯ ಗೋವೆಯಲ್ಲಿಯೇ ಪರೀಕ್ಷೆಗೊಳಗಾದ ವಿಚಾರ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ ಸುಮಾರು 500 ಜನರ ಮೇಲೆ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ರೋಗಿಗಳೊಡನೆ ಆರೆಂಟು ಸಲ ಕುಳಿತು, ಬಿಟ್ಟುಹೋದ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸಿದರು. ಮೂರು ತಿಂಗಳಲ್ಲಿ ಈ ನೆರವು ಪಡೆದವರಲ್ಲಿ ಶೇಕಡ 64ರಷ್ಟು ಜನ ಖಿನ್ನತೆಯಿಂದ ಹೊರಬಂದರು. ಪಡೆಯದವರಲ್ಲಿ ಶೇಕಡ 39. ಪೂಜೆ, ಧ್ಯಾನಗಳು ಅವರವರ ಮನೆಯ ವಿಚಾರ. ಇಲ್ಲಿ ನಡೆದದ್ದು ಕೇವಲ ದಿನಚರಿಯ ಕೆಲಸ.

ಇದನ್ನು ಓದಿದ ಮೇಲೆ ನಾವು ಅಕ್ಕನವರಿಗೆ ಉಪದೇಶ ನಿಲ್ಲಿಸಿದೆವು. ಆ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಸುರಿಯಾಗಿದ್ದಳು. ಹುಟ್ಟುವ ಕೂಸಿಗೆ ಒಂದು ಕೌದಿ ಹೊಲಿದುಕೊಡಬೇಕೆಂದು ಅವಳಿಂದಲೇ ಕೇಳಿಸಿದೆವು. ಮಧ್ಯಾಹ್ನ ಮೂರು ಗಂಟೆ, ಕಟ್ಟೆಯ ಮೇಲೆ, ಹತ್ತು ನಿಮಿಷ ಮಾತ್ರ ಎಂದು ಗೊತ್ತು ಮಾಡಿದೆವು. ಮೊದಲ ದಿನ ಹೊಲಿಗೆ ಒಂದು ಗೇಣೂ ಸಾಗಲಿಲ್ಲ. ಎರಡನೆಯ ದಿನ ಅಕ್ಕ ಹೊರಗೇ ಬರಲಿಲ್ಲ. ಮೂರನೆಯ ದಿನ ಆ ಹುಡುಗಿಯೇ ಹಳೆಯ ಸೀರೆಗಳ ಗಂಟು ಹಿಡಿದು ಒಳಗೆ ಬಂದಳು. ಅವಳ ಹೊಲಿಗೆ ಸೊಟ್ಟಾದುದನ್ನು ನೋಡಲಾರದೆ ಅಕ್ಕ ಸೂಜಿ ಕೈಗೆತ್ತಿಕೊಂಡರು. ಹೊತ್ತು ಗೊತ್ತಾಗಿರುವುದು, ಕೆಲಸ ಚಿಕ್ಕದಾಗಿರುವುದು, ಇನ್ನೊಬ್ಬರು ಕಾಯುತ್ತಿರುವುದು, ಈ ಮೂರರಲ್ಲಿ ಕೊನೆಯದೇ ಹೆಚ್ಚು ಎಂದು ನಮಗೆ ಅಂದು ತೋರಿತು.

ನಿತ್ಯ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯುವುದು, ಮಲಗುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಇವೂ ಸಹಾಯಕವೇ. ಓದುಗರು ಇವನ್ನು ಬಲ್ಲರು.

ಒಂದು ಮಾತನ್ನು ಮಾತ್ರ ಮರೆಯಬಾರದು. ಎರಡು ವಾರ ಮೀರಿ ದುಗುಡ ಇಳಿಯದಿದ್ದರೆ, ನಿದ್ರೆ-ಊಟ ತಪ್ಪಿದರೆ ವೈದ್ಯರಲ್ಲಿಗೆ ಹೋಗಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು. ಅಂಥಲ್ಲಿ ಕೌದಿಯೊಂದೇ ಸಾಲದು. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೌದಿ ಮುಗಿಯುವುದಕ್ಕೂ ಕೂಸು ಹುಟ್ಟುವುದಕ್ಕೂ ಸರಿಹೋಯಿತು. ಅಕ್ಕನವರ ದುಃಖ ಹೋಗಿದೆಯೆಂದು ನಾವು ಹೇಳಲಾರೆವು. ಕೆಲವು ದಿನ ಈಗಲೂ ಅವರು ಸೂಜಿ ಮುಟ್ಟುವುದಿಲ್ಲ. ಆದರೆ ಮೂರು ಗಂಟೆಗೆ ಕಟ್ಟೆಗೆ ಬಂದು ಕೂಡುತ್ತಾರೆ. ದಿನಕ್ಕೆ ನಾಲ್ಕು ರೊಟ್ಟಿಯನ್ನಾದರೂ ಅತ್ತೆಯೇ ಬಡಿಯಲೆಂದು ಸೊಸೆಯಂದಿರು ಒಲೆಯ ಮುಂದಿನ ಜಾಗವನ್ನು ಬಿಟ್ಟುಕೊಟ್ಟಿದ್ದಾರೆ.