ಹಿಂದೆ ನಿಂತ ಇಬ್ಬರು

ಅಮೆರಿಕನ್ ಫುಟ್‌ಬಾಲಿನ 2024ರ ಋತು ಆರಂಭವಾಗಿ ಕೆಲವೇ ವಾರಗಳಾಗಿದ್ದವು. ಎಸೆತದಿಂದ ದಕ್ಕುವ ಗಜಗಳು ಇಳಿದಿದ್ದವು. ಆಗ ಇಎಸ್‌ಪಿಎನ್ ವಾಹಿನಿಯ ಹಿರಿಯ ವಿಶ್ಲೇಷಕ ಮೆಲ್ ಕೈಪರ್ ಒಂದು ಸಲಹೆ ಮುಂದಿಟ್ಟರು: ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸುವ ರಕ್ಷಣೆಯನ್ನು ನಿಷೇಧಿಸಬೇಕು. ಬಹಳ ಮಂದಿ ನಕ್ಕರು. ನಮಗೆ ನಗು ಬರಲಿಲ್ಲ. ಈ ಕ್ರೀಡೆಯ ನಿಯಮಪುಸ್ತಕ ದಶಕಗಳಿಂದ ಇಂಥ ದೂರುಗಳಿಗೆ ಕಿವಿಗೊಡುತ್ತಲೇ ಬಂದಿದೆ.

ಹನ್ನೊಂದು ಮಂದಿ ರಕ್ಷಕರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು ಸೇಫ್ಟಿಗಳು. ಅಲ್ಲಿ ಒಬ್ಬನೇ ನಿಂತರೆ, 53 ಗಜ ಅಗಲದ ಮೈದಾನದಲ್ಲಿ ಅವನ ಎಡಬಲಗಳು ದೂರದ ಎಸೆತಕ್ಕೆ ತೆರೆದಿರುತ್ತವೆ. ಇಬ್ಬರು ನಿಂತರೆ ಆ ಬಾಗಿಲುಗಳು ಬಹುಮಟ್ಟಿಗೆ ಮುಚ್ಚುತ್ತವೆ. ಆದರೆ ಹಿಂದಕ್ಕೆ ಹೋದ ಎರಡನೆಯವನು ಮುಂದಿನ ಸಾಲನ್ನು ತೆಳುವಾಗಿಸಿ ಹೋದವನು. ಚೆಂಡು ಹಿಡಿದು ಓಡುವವನಿಗೆ ಎದುರಾಳಿ ಒಬ್ಬ ಕಡಿಮೆ. ನಾಲ್ಕೈದು ಗಜ ಬಿಟ್ಟೇವು, ನಲವತ್ತು ಗಜ ಬಿಡೆವು ಎಂಬ ಲೆಕ್ಕವಿದು.

ಇದನ್ನು ಅಂಜುಬುರುಕರ ಆಟವೆನ್ನುವವರು ಚೆಂಡು ಹೊರಟ ನಂತರದ ಎರಡು ಸೆಕೆಂಡುಗಳನ್ನು ಗಮನಿಸಿಲ್ಲವೆಂದೇ ನಮ್ಮ ಅನಿಸಿಕೆ. ತರಬೇತುದಾರ ವಿಕ್ ಫ್ಯಾಂಜಿಯೊ ಅವರ ಪಂಥದ ಸೊಗಸಿರುವುದು ಅಲ್ಲಿಯೇ. ಮತ್ತೆ ಮತ್ತೆ ಇಬ್ಬರೂ ಒಂದೇ ರೀತಿಯಲ್ಲಿ ನಿಲ್ಲುತ್ತಾರೆ. ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಸೇರುತ್ತಿದ್ದಂತೆ ಒಬ್ಬ ನಡುವಿಗೆ ಸರಿದು ಮತ್ತೊಬ್ಬ ಮುಂದಕ್ಕಿಳಿದರೆ, ಆಳವನ್ನು ಮೂವರು ಹಂಚಿಕೊಳ್ಳುವ 'ಕವರ್ ತ್ರೀ' ಆಗುತ್ತದೆ. ಇಬ್ಬರೂ ಅಲ್ಲೇ ಉಳಿದು ಅಂಚಿನ ಕಾರ್ನರ್‌ಬ್ಯಾಕ್‌ಗಳೂ ಹಿಂದೆ ಸರಿದರೆ ನಾಲ್ಕು ಪಾಲು. ಎಡಮಗ್ಗುಲಿಗೊಂದು ಬಗೆ, ಬಲಮಗ್ಗುಲಿಗೊಂದು ಬಗೆಯೂ ಉಂಟು. ಕ್ವಾರ್ಟರ್‌ಬ್ಯಾಕ್ ಮೊದಲೇ ಓದಿಟ್ಟುಕೊಂಡ ಪುಟ ಅವನ ಕಣ್ಣೆದುರೇ ಬದಲಾಗುತ್ತದೆ; ಮತ್ತೊಮ್ಮೆ ಓದುವಷ್ಟರಲ್ಲಿ ನುಗ್ಗಿ ಬರುವವರು ಅವನ ಭುಜದ ಬಳಿ ಇರುತ್ತಾರೆ.

2025ರ ಫೆಬ್ರವರಿ 9ರ ಸೂಪರ್ ಬೌಲ್ ಅನ್ನೇ ನೋಡಿ. ನಮಗದು ಸೋಮವಾರ ಬೆಳಗಿನ ಐದು ಗಂಟೆ. ಫಿಲಡೆಲ್ಫಿಯಾ ಈಗಲ್ಸ್‌ನ ರಕ್ಷಣೆ ಫ್ಯಾಂಜಿಯೊ ಅವರ ಕೈಯಲ್ಲಿತ್ತು. ಎದುರಿಗಿದ್ದವರು ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್. ಅವರ ಮೇಲೆ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಛೂಬಿಡುವ ಬ್ಲಿಟ್ಜ್ ಅಂದು ಒಮ್ಮೆಯೂ ನಡೆಯಲಿಲ್ಲ. ಉಳಿದ ಏಳು ಮಂದಿ ಎಸೆತದ ದಾರಿಗಳನ್ನು ಕಾಯುತ್ತ ನಿಂತರು. ಮಹೋಮ್ಸ್ ಚೆಂಡು ಹಿಡಿದೇ ಆರು ಬಾರಿ ನೆಲಕ್ಕುರುಳಿದರು. ಅರ್ಧವಿರಾಮದಲ್ಲಿ 24-0, ಕೊನೆಗೆ 40-22. ಕೈಯಲ್ಲಿದ್ದ ಕಾಫಿ ಯಾವಾಗ ಆರಿತೋ ನಮಗೆ ತಿಳಿಯಲಿಲ್ಲ.

ಎಸೆತಗಾರರಿಗೆ ನಿಯಮಗಳು ಈಗಾಗಲೇ ಕೊಟ್ಟಿರುವುದು ಕಡಿಮೆಯೇನಲ್ಲ. ಪಿಟ್ಸ್‌ಬರ್ಗ್‌ನ ಮೆಲ್ ಬ್ಲೌಂಟ್ ರಿಸೀವರ್‌ಗಳನ್ನು ದಾರಿಯುದ್ದಕ್ಕೂ ತಳ್ಳಿ ತಡೆಯುತ್ತಿದ್ದ ಕಾಲವಿತ್ತು. 1978ರಲ್ಲಿ ಐದು ಗಜದಾಚೆ ಮುಟ್ಟಕೂಡದೆಂದಾಯಿತು. ಆ ನಿಯಮವನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2004ರಲ್ಲಿ ಅದರ ಜಾರಿ ಇನ್ನಷ್ಟು ಬಿಗಿಯಾಯಿತು. ಕೈ ಕಟ್ಟಿಸಿಕೊಂಡ ರಕ್ಷಕನಿಗೆ ಉಳಿದದ್ದು ನಿಲ್ಲುವ ಜಾಗ ಮತ್ತು ಬುದ್ಧಿ. ಈಗ ಜಾಗವನ್ನೂ ಕಿತ್ತುಕೊಳ್ಳುವ ಮಾತು! ಏಕದಿನ ಕ್ರಿಕೆಟ್ಟಿನಲ್ಲಿ ಮೊದಲ ಹತ್ತು ಓವರುಗಳಲ್ಲಿ ವೃತ್ತದ ಹೊರಗೆ ಇಬ್ಬರೇ ಇರಬೇಕೆಂಬ ಕಟ್ಟಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ಹಂತಹಂತವಾಗಿ ಸಡಿಲಗೊಳ್ಳುತ್ತದೆ. ಆಟದುದ್ದಕ್ಕೂ ಹೇರಿದರೆ ಏನಾಗುತ್ತದೆಂಬುದಕ್ಕೆ ಎನ್‌ಬಿಎ ಬಾಸ್ಕೆಟ್‌ಬಾಲ್ ಸಾಕ್ಷಿ. ಅಲ್ಲಿ ವಲಯರಕ್ಷಣೆಗೆ ಬಹುಕಾಲ ನಿಷೇಧವಿತ್ತು. ಒಬ್ಬ ಚೆಂಡು ಪುಟಿಸುತ್ತ ನಿಂತು ಉಳಿದ ನಾಲ್ವರು ದೂರದಲ್ಲಿ ಪ್ರೇಕ್ಷಕರಾಗುವ ಆಟ ಬೆಳೆಯಿತು; 2001ರಲ್ಲಿ ನಿಷೇಧವನ್ನೇ ಕೈಬಿಟ್ಟರು.

ಸಪ್ಪೆ ಭಾನುವಾರಗಳು ಇವೆ, ಒಪ್ಪುತ್ತೇವೆ. ಮೂರು ಗಜ, ನಾಲ್ಕು ಗಜವೆಂದು ತೆವಳಿ, ಕೊನೆಗೆ ಚೆಂಡನ್ನು ಒದ್ದು ಮೂರಂಕ ಪಡೆದು ಹಿಂದಿರುಗುವ ಆಟ ಯಾರಿಗೆ ತಾನೇ ಪ್ರಿಯ? ಆದರೆ ಮದ್ದು ಆಟದೊಳಗೇ ಇತ್ತು. ಮುಂದಿನ ಸಾಲು ತೆಳುವಾದರೆ ಓಡಬೇಕು. ಕೈಪರ್ ನಿಷೇಧ ಕೇಳಿದ ಅದೇ ಋತುವಿನಲ್ಲಿ ಬಾಲ್ಟಿಮೋರ್‌ನ ಡೆರಿಕ್ ಹೆನ್ರಿ 1,921 ಗಜ ಓಡಿದರು. ಸೇಕ್ವಾನ್ ಬಾರ್ಕ್ಲಿ 2,005 ಗಜ. ಬಾರ್ಕ್ಲಿ ಆಡಿದ್ದು ಫ್ಯಾಂಜಿಯೊ ಅವರದೇ ತಂಡಕ್ಕೆ.