ಹೆಂಚು ನುಡಿದ ಸಾಕ್ಷ್ಯ

ಕಣ್ಣಾರೆ ಕಂಡವರು ಕಾಲಾಂತರದಲ್ಲಿ ಮರೆಯಬಹುದು. ಬರೆದಿಟ್ಟ ಕಾಗದ ಬೆಂಕಿಗೆ ಆಹುತಿಯಾಗಬಹುದು. ಆದರೆ ಛಾವಣಿಯ ಮೇಲೆ ಮಳೆಬಿಸಿಲುಗಳಿಗೆ ಮೈಯೊಡ್ಡಿ ಮೂಕವಾಗಿ ಬಿದ್ದಿರುವ ಹೆಂಚು, ತನ್ನ ಮೇಲೆ ಎರಗಿದುದೇನೆಂಬುದನ್ನು ಹಲವು ವರ್ಷಗಳ ಅನಂತರವೂ ಲೆಕ್ಕವಿಟ್ಟು ಹೇಳಬಲ್ಲುದೆಂದರೆ ಯಾರಿಗೆ ತಾನೆ ಅಚ್ಚರಿಯಾಗದು? ಜಪಾನಿನ ಹಿರೋಶಿಮಾ ನಗರದ ಹೆಂಚುಗಳು ಅಂತಹ ಸಾಕ್ಷ್ಯವನ್ನು ನುಡಿದಿವೆ.

1945ನೆಯ ಇಸವಿ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಆ ನಗರದ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಅಣುಬಾಂಬು ಸಿಡಿಯಿತು. ಶಾಖ ಮತ್ತು ಗಾಳಿಯ ಹೊಡೆತಗಳೊಂದಿಗೆ ಕಣ್ಣಿಗೆ ಕಾಣದ ಗ್ಯಾಮಾ ಕಿರಣಗಳೂ ನ್ಯೂಟ್ರಾನುಗಳೂ ಜನರ ದೇಹಗಳನ್ನು ಹೊಕ್ಕುವು. ಬದುಕುಳಿದವರಲ್ಲಿ ಕೆಲವರನ್ನು ಮುಂದಿನ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಮೊದಲಾದ ವ್ಯಾಧಿಗಳು ಹಿಡಿದುವು. ಎಷ್ಟು ವಿಕಿರಣದಿಂದ ಎಷ್ಟು ಅಪಾಯವೆಂಬುದನ್ನು ತಿಳಿಯಬೇಕಾದರೆ ಎರಡು ಲೆಕ್ಕಗಳು ಬೇಕು: ರೋಗ ತಗಲಿದವರೆಷ್ಟು ಮಂದಿ, ಅವರ ಮೈಮೇಲೆ ಬಿದ್ದ ವಿಕಿರಣವೆಷ್ಟು. ಮೊದಲನೆಯದಕ್ಕಾಗಿ ಹಿರೋಶಿಮಾ ಮತ್ತು ನಾಗಸಾಕಿಗಳಲ್ಲಿ ಬದುಕುಳಿದವರೂ ಹೋಲಿಕೆಗಾಗಿ ಆರಿಸಿದವರೂ ಸೇರಿ ಸುಮಾರು 1,20,000 ಮಂದಿಯ ಆರೋಗ್ಯವನ್ನು 1950ರಿಂದ ಗಮನಿಸುತ್ತ ಬರಲಾಯಿತು. ಎರಡನೆಯದನ್ನು ಯಾರು ಹೇಳಬೇಕು? ಆ ಬೆಳಗ್ಗೆ ಬೀದಿಬೀದಿಗಳಲ್ಲಿ ಅಳತೆಯ ಉಪಕರಣವನ್ನು ಹಿಡಿದು ನಿಂತವರು ಯಾರೂ ಇರಲಿಲ್ಲ.

ಆದರೆ ಮನೆಮನೆಯ ಸೂರಿನ ಮೇಲೆ ಹೆಂಚುಗಳಿದ್ದುವು. ಹೆಂಚಿನ ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಯಾವ ಹರಳಿನ ರಚನೆಯೂ ಸಂಪೂರ್ಣವಾಗಿ ನಿರ್ದೋಷವಾಗಿರುವುದಿಲ್ಲ. ಒಳಗೆ ಅಲ್ಲಲ್ಲಿ ಊನಗಳುಂಟು. ವಿಕಿರಣವು ಹರಳನ್ನು ಹಾಯ್ದಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಒಡನೆಯೇ ಸ್ವಸ್ಥಾನಕ್ಕೆ ಮರಳಿದರೂ ಕೆಲವು, ಗುಳಿಯಲ್ಲಿ ಬಿದ್ದ ಗೋಲಿಯಂತೆ, ಆ ಊನಗಳಲ್ಲಿ ಸಿಕ್ಕಿಬೀಳುತ್ತವೆ. ಅಲ್ಲಿ ಅವು ಸಾವಿರಾರು ವರ್ಷ ಬೇಕಾದರೂ ಇರಬಲ್ಲುವು. ಹರಳನ್ನು ಚೆನ್ನಾಗಿ ಕಾಯಿಸಿದಾಗ ಮಾತ್ರ ಅವು ಹೊರಬಿದ್ದು, ತಮ್ಮಲ್ಲಿದ್ದ ಶಕ್ತಿಯನ್ನು ಮಂದವಾದ ಬೆಳಕಿನ ರೂಪದಲ್ಲಿ ಚೆಲ್ಲುತ್ತವೆ. ಇದೇ ಉಷ್ಣದೀಪ್ತಿ. ಇದು ಕಾದ ಕಬ್ಬಿಣದ ಕೆಂಪಿನಂತಹುದಲ್ಲ. ಒಮ್ಮೆ ಬೆಳಗಿದ ಹರಳನ್ನು ಮತ್ತೆ ಕಾಯಿಸಿದರೆ ಈ ಬೆಳಕು ಬಾರದು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1663ರಲ್ಲಿಯೇ ಕತ್ತಲಲ್ಲಿ ವಜ್ರವೊಂದನ್ನು ಮೈಶಾಖಕ್ಕೆ ಹಿಡಿದು, ಅದು ಮಿನುಗಿದುದನ್ನು ಕಂಡಿದ್ದನು. ಅದರ ಕಾರಣ ಮಾತ್ರ ಆಗ ತಿಳಿದಿರಲಿಲ್ಲ.

ಆವಿಗೆಯಲ್ಲಿ ಬೇಯುವಾಗ ಹೆಂಚಿನ ಹರಳುಗಳಲ್ಲಿದ್ದ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಅಂದಿನಿಂದ ಹೊಸ ಜಮೆ ಆರಂಭ. 1963ರಲ್ಲಿ ಜಪಾನಿನ ಹಿಗಾಶಿಮುರಾ, ಇಚಿಕಾವಾ ಮತ್ತು ಶಿಡೇಯಿ ಎಂಬ ವಿಜ್ಞಾನಿಗಳು ಈ ಗುಣವನ್ನೇ ಹಿಡಿದು, ಹಿರೋಶಿಮಾದ ಹೆಂಚುಗಳಿಂದ ಬಾಂಬಿನ ವಿಕಿರಣವನ್ನು ಅಳೆದ ವರದಿಯನ್ನು ಪ್ರಕಟಿಸಿದರು.

ಕೆಲಸ ನಾಜೂಕಿನದು. ಬಾಂಬು ಬಿದ್ದ ಮೇಲೆ ಎದ್ದ ಬೆಂಕಿಯಲ್ಲಿ ಬೆಂದ ಹೆಂಚಿನ ಲೆಕ್ಕ ಮತ್ತೊಮ್ಮೆ ಅಳಿಸಿಹೋಗಿರುತ್ತದೆ. ಆದುದರಿಂದ ಬೆಂಕಿ ತಾಗದ, ಅಂದು ಇದ್ದ ಜಾಗ ಖಚಿತವಾಗಿ ಗೊತ್ತಿರುವ ಹೆಂಚುಗಳನ್ನೇ ಆರಿಸಬೇಕು. ಪುಡಿಮಾಡಿ ಬೇರ್ಪಡಿಸಿದ ಹರಳುಗಳನ್ನು ಕಾಯಿಸಿ, ಸೂಕ್ಷ್ಮಯಂತ್ರದಿಂದ ಬೆಳಕನ್ನು ಅಳೆಯಬೇಕು. ಬಳಿಕ ಹರಳುಗಳಿಗೆ ಪ್ರಯೋಗಶಾಲೆಯಲ್ಲಿ ಗೊತ್ತಾದ ಪ್ರಮಾಣದ ವಿಕಿರಣವನ್ನು ಕೊಟ್ಟು, ಮತ್ತೆ ಕಾಯಿಸಿ, ಎರಡು ಬೆಳಕುಗಳನ್ನೂ ಹೋಲಿಸಬೇಕು. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದಲೂ ಆಕಾಶದಿಂದ ಬರುವ ವಿಶ್ವಕಿರಣಗಳಿಂದಲೂ ವರ್ಷವರ್ಷವೂ ಸೇರಿದ ಪಾಲನ್ನು ಕಳೆದರೆ ಉಳಿಯುವುದೇ ಬಾಂಬಿನ ಪಾಲು. ಸ್ಫೋಟದ ಕೇಂದ್ರದಿಂದ ಎರಡು ಕಿಲೋಮೀಟರ್ ದಾಟಿದರೆ ಆ ಪಾಲು ಬಹಳ ಕ್ಷೀಣವಾಗುವುದರಿಂದ ಬೇರ್ಪಡಿಸುವುದು ಕಷ್ಟ. ಅಲ್ಲದೆ ಹೆಂಚು ಹೇಳುವುದು ಮುಖ್ಯವಾಗಿ ಗ್ಯಾಮಾ ಕಿರಣಗಳ ಲೆಕ್ಕವನ್ನು. ನ್ಯೂಟ್ರಾನುಗಳಿಗೆ ಬೇರೆ ಸಾಕ್ಷ್ಯ ಬೇಕು.

ಈ ಸಾಕ್ಷ್ಯದ ಬೆಲೆ ಮುಂದೆ ತಿಳಿದುಬಂದಿತು. 1965ರಲ್ಲಿ ಸಿದ್ಧವಾಗಿದ್ದ ಲೆಕ್ಕವನ್ನು ತಜ್ಞರು ಪರಿಷ್ಕರಿಸಿ, 1986ರಲ್ಲಿ ಹೊಸದನ್ನು ಮುಂದಿಟ್ಟರು. ಹಿರೋಶಿಮಾದಲ್ಲಿ ನ್ಯೂಟ್ರಾನುಗಳ ಪಾಲು ಮೊದಲು ತಿಳಿದುದರ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯಿತು; ಗ್ಯಾಮಾದ ಪಾಲು ಏರಿತು. ಕಾಗದದ ಮೇಲಿನ ಗ್ಯಾಮಾ ಲೆಕ್ಕವನ್ನು ಒರೆಗೆ ಹಚ್ಚಲು ಹೆಂಚು ಇಟ್ಟಿಗೆಗಳ ಅಳತೆಯೇ ಆಧಾರವಾಯಿತು. ಬದುಕುಳಿದವರ ರೋಗಗಳ ದೀರ್ಘಕಾಲದ ವಿವರವೂ ಈ ಹೊಸ ಲೆಕ್ಕವೂ ಒಂದುಗೂಡಿದಾಗ, ವಿಕಿರಣದ ಅಪಾಯ ಹಿಂದೆ ಎಣಿಸಿದುದಕ್ಕಿಂತ ಹೆಚ್ಚೆಂದು ಕಂಡಿತು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 1990ರ ತನ್ನ ಶಿಫಾರಸುಗಳಲ್ಲಿ, ಕೆಲಸಗಾರರಿಗೆ ವರ್ಷಕ್ಕೆ 50 ಮಿಲಿಸೀವರ್ಟ್ ಇದ್ದ ಮಿತಿಯನ್ನು ಐದು ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಿತು.

ಉಷ್ಣದೀಪ್ತಿಯ ತತ್ತ್ವ ಭಾರತದಲ್ಲಿಯೂ 1975ರಿಂದ ಕೆಲಸಗಾರರ ಎದೆಯ ಮೇಲೆ ಬಿಲ್ಲೆಯ ರೂಪದಲ್ಲಿ ಕುಳಿತಿದೆ. ಭಾಭಾ ಅಣುಸಂಶೋಧನ ಕೇಂದ್ರವು ರೂಪಿಸಿದ ಆ ಬಿಲ್ಲೆಯಲ್ಲಿರುವುದು ಜಿಪ್ಸಮ್ ಖನಿಜದ ಮೂಲದ್ರವ್ಯವೇ ಆದ ಕ್ಯಾಲ್ಸಿಯಂ ಸಲ್ಫೇಟ್. ಅದಕ್ಕೆ ಡಿಸ್ಪ್ರೋಸಿಯಂ ಎಂಬ ಧಾತುವನ್ನು ಕಿಂಚಿತ್ ಬೆರೆಸಿ, ಹೆಚ್ಚು ಬೆಳಗುವಂತೆ ಮಾಡಲಾಗಿದೆ. ಕೈಗಾದ ಅಣುವಿದ್ಯುತ್ ಕೇಂದ್ರದ ಕೆಲಸಗಾರನಿರಲಿ, ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಸಿಬ್ಬಂದಿಯಿರಲಿ, ಅವರ ಬಿಲ್ಲೆಗಳನ್ನು ನಿಯತಕಾಲಕ್ಕೊಮ್ಮೆ ಕಾಯಿಸಿ, ಬೆಳಕನ್ನು ಅಳೆದು, ಹೆಸರಿನ ಮುಂದೆ ಬರೆದಿಡುತ್ತಾರೆ. ಆ ಅಂಕೆಯನ್ನು ಯಾವ ಮಿತಿಯೊಡನೆ ಹೋಲಿಸಿ ನೋಡುತ್ತಾರೋ ಆ ಮಿತಿಯ ಹಿಂದೆ ಹಿರೋಶಿಮಾದ ಹೆಂಚುಗಳ ಸಾಕ್ಷ್ಯವೂ ಸೇರಿದೆ.